ಕಾರಿನ ಡೇರೆ: ಬಟ್ಟೆಗಿಂತ ಬುಡ ಮುಖ್ಯ

ಕಾರು ನಿಲ್ಲಿಸಲು ಬಿಚ್ಚಿ ಕಟ್ಟುವ ಡೇರೆ ಕೊಳ್ಳಹೊರಟವರು ಮೊದಲು ಮುಟ್ಟಿ ನೋಡುವುದು ಬಟ್ಟೆಯನ್ನು, ನೋಡಬೇಕಾದದ್ದು ಬುಡವನ್ನು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಎದುರಿನ ಪ್ರತಿ ಚದರ ಮೀಟರನ್ನು ಸುಮಾರು 17 ಕಿಲೋ ತೂಕದಷ್ಟು ಬಲದಿಂದ ನೂಕುತ್ತದೆ. 6 ಮೀಟರ್ ಉದ್ದ, 2 ಮೀಟರ್ ಎತ್ತರದ ಪಕ್ಕದ ಪರದೆಗೆ ಅದು 200 ಕಿಲೋ ದಾಟುತ್ತದೆ. ಮುಂಗಾರುಪೂರ್ವ ಗುಡುಗುಮಳೆಯ ಗಾಳಿಗೆ ಇದೇನೂ ಅಪರೂಪದ ವೇಗವಲ್ಲ. ನಾಲ್ಕು ಮರಳಿನ ಚೀಲ ಕಟ್ಟಿ ನೆಮ್ಮದಿಯಾಗಿ ಮಲಗುವಂತಿಲ್ಲ; ಮಣ್ಣಿನ ನೆಲಕ್ಕೆ ತಿರುಪಿ ಇಳಿಸುವ ಗೂಟ, ಕಾಂಕ್ರೀಟಿಗೆ ಬೋಲ್ಟ್ ಬೇಕು.

ಇಷ್ಟೆಲ್ಲ ರಗಳೆ ಯಾಕೆ, ಒಂದು ಕವರ್ ಹೊದಿಸಿದರಾಯಿತಲ್ಲ ಎನ್ನಬಹುದು. ಜಾಗವಿಲ್ಲದವರಿಗೆ ಅದೇ ಗತಿ, ಒಪ್ಪೋಣ. ಆದರೆ ಕಲಬುರಗಿಯ ಧೂಳಿನಲ್ಲಿ ಕವರ್ ಗಾಳಿಗೆ ಅಲುಗಾಡಿದಷ್ಟೂ ಬಣ್ಣದ ಮೇಲೆ ಗೀರು. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯಾಡದ ಕವರಿನಡಿ ತೇವ ಕೂತು ತುಕ್ಕಿಗೆ ದಾರಿ. ಡೇರೆಯಾದರೆ ನಡುವೆ ಗಾಳಿ ಹರಿಯುತ್ತದೆ. ನಾಲ್ಕೂ ಕಡೆ ಮುಚ್ಚಿದ್ದನ್ನು ಕೊಂಡರೆ ಆ ಲಾಭವೂ ಹೋಯಿತು, ಗಾಳಿಯ ಹೊಡೆತವೂ ಹೆಚ್ಚಿತು. ಚಪ್ಪಟೆ ಸೂರಂತೂ ಮಳೆನಾಡಿಗೆ ಬೇಡವೇ ಬೇಡ: ಬರೀ 1 ಸೆಂ.ಮೀ. ನೀರು ನಿಂತರೂ ಚದರ ಮೀಟರಿಗೆ 10 ಕಿಲೋ ಭಾರ.