ವಾಡಿ ದಾಟಿದರೆ ಬರೀ ಸುಂಯ್

ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದರೆ ನಾನು ‘ಯಾದಗಿರಿ’ ಎಂದುಬಿಡುತ್ತೇನೆ. ‘ರಾಮಸಮುದ್ರ’ ಎಂದರೆ ‘ಅದೆಲ್ಲಿ ಬರ್ತದ?’ ಎಂಬ ಇನ್ನೊಂದು ಪ್ರಶ್ನೆ ಗ್ಯಾರಂಟಿ. ಆದರೆ ಕಳೆದ ಸೆಮಿಸ್ಟರ್‌ನ ಒಂದು ಸಂಜೆ ಕಲಬುರಗಿಯ ಹಾಸ್ಟೆಲ್ ರೂಮಿನಿಂದ ಎಫ್ಎಂ ಸ್ಟೇಷನ್‌ಗೆ ಫೋನ್ ಮಾಡಿ, ಲೈನ್ ಸಿಕ್ಕಾಗ, ಆರ್‌ಜೆ ಊರು ಕೇಳಿದ ಕೂಡಲೇ ಬಾಯಿಂದ ಬಂದದ್ದು ‘ರಾಮಸಮುದ್ರ ರೀ’. ಯಾಕೆ ಹಾಗಂದೆನೋ ಗೊತ್ತಿಲ್ಲ. ಅವ್ವನಿಗಾಗಿ ಒಂದು ಹಳೆಯ ಹಾಡು ಕೇಳಿದೆ. ಹಾಡೂ ಬಂತು, ಅದಕ್ಕೂ ಮೊದಲು ನಮ್ಮೂರ ಹೆಸರೂ ಬಂತು.

ಖುಷಿಯಲ್ಲಿ ಮನೆಗೆ ಫೋನ್ ಮಾಡಿದೆ. ‘ಅವ್ವಾ, ರೇಡಿಯೋದಾಗ ನಿನ್ನ ಹಾಡು ಬರ್ಲಕತ್ತದ, ಹಚ್ಚು’ ಎಂದೆ. ಅವ್ವ ತನ್ನ ಕೀಪ್ಯಾಡ್ ಫೋನಿಗೆ ಇಯರ್‌ಫೋನ್ ಚುಚ್ಚಿ ಹುಡುಕಿದಳು. ಆಮೇಲೆ ಅವಳೇ ಫೋನ್ ಮಾಡಿ ಹೇಳಿದಳು: ‘ಇಲ್ಲಿ ಬರೀ ಸುಂಯ್ ಅಂತದ ನೋಡು’.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಶನಿವಾರ ಊರಿಗೆ ಹೋಗುವಾಗ ರೈಲಿನಲ್ಲಿ ಎಷ್ಟು ಸಲ ಅನುಭವಿಸಿಲ್ಲ! ಕಲಬುರಗಿ ಬಿಟ್ಟಾಗ 93.5 ರೆಡ್ ಎಫ್ಎಂ ಸ್ಪಷ್ಟವಾಗಿರುತ್ತದೆ. ಶಹಾಬಾದ್ ಹತ್ತಿರ ನಡುನಡುವೆ ಗರಗರ. ವಾಡಿ ಜಂಕ್ಷನ್ ದಾಟಿ ನಾಲವಾರದ ಕಡೆ ಹೊರಳಿದರೆ ಹಾಡು ಮುಳುಗಿ ಸುಂಯ್ ಮಾತ್ರ ಉಳಿಯುತ್ತದೆ. ಯಾದಗಿರಿಯಲ್ಲಿ ಇಳಿದು ಟಂಟಂ ಹತ್ತುವ ಹೊತ್ತಿಗೆ ಇಯರ್‌ಫೋನ್ ಕಿಸೆಯಲ್ಲಿರುತ್ತದೆ.

ಇದರಲ್ಲಿ ಸ್ಟೇಷನ್ನಿನ ತಪ್ಪೇನಿಲ್ಲ, ಇದು ಭೂಮಿಯ ಆಕಾರದ ಲೆಕ್ಕ. ಎಫ್ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಭೂಮಿ ಬಾಗಿದಂತೆ ಅದು ಬಾಗುವುದಿಲ್ಲ. ನಮ್ಮ ಪಠ್ಯದಲ್ಲೊಂದು ಸರಳ ಸೂತ್ರವಿದೆ: ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಮುಟ್ಟುವ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಗೋಪುರ 100 ಮೀಟರ್ ಎಂದಿಟ್ಟುಕೊಂಡರೆ 41 ಕಿ.ಮೀ. ಕೇಳುವವರ ಎತ್ತರವನ್ನೂ ಸೇರಿಸಿದರೆ ಇನ್ನೊಂದು ಐದಾರು ಕಿ.ಮೀ. ರೈಲು ಹಳಿಯ ಮೇಲೆ ಕಲಬುರಗಿಯಿಂದ ಯಾದಗಿರಿಗೆ ಸುಮಾರು 75 ಕಿ.ಮೀ. ನಮ್ಮೂರು ಅದಕ್ಕೂ ಆಚೆ. ಅವ್ವನ ಇಯರ್‌ಫೋನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. 93.5 ಮೆಗಾಹರ್ಟ್ಸ್ ಅಲೆಯ ಉದ್ದ 3.2 ಮೀಟರ್, ಅದರ ಕಾಲುಭಾಗ 80 ಸೆಂಟಿಮೀಟರ್. ಇಯರ್‌ಫೋನ್ ವೈರೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರುವುದರಿಂದ ಅದೇ ಆಂಟೆನಾ ಆಗುತ್ತದೆ. ಆದರೆ ಬಾರದ ಅಲೆಯನ್ನು ಅದು ಎಲ್ಲಿಂದ ಹಿಡಿಯಬೇಕು?

ತಮಾಷೆಯೆಂದರೆ, ಅಜ್ಜನ ಕಾಲದಲ್ಲಿ ಕಲಬುರಗಿ ಆಕಾಶವಾಣಿ ನಮ್ಮೂರಲ್ಲಿ ಕೇಳುತ್ತಿತ್ತು. ಅದು ಮೀಡಿಯಂ ವೇವ್. ಆ ಅಲೆ ನೆಲವನ್ನು ತಬ್ಬಿಕೊಂಡೇ ದೂರ ಹೋಗುತ್ತದೆ. ಗರಗರ ಇರುತ್ತಿತ್ತು, ಆದರೆ ಮಾತು ಹೊಲದವರೆಗೂ ಮುಟ್ಟುತ್ತಿತ್ತು. ಎಫ್ಎಂನಲ್ಲಿ ಧ್ವನಿ ಸ್ವಚ್ಛವಾಯಿತು, ದೂರ ಕಡಿಮೆಯಾಯಿತು.

ಹಾಗಾದರೆ ಯಾದಗಿರಿಯಲ್ಲೇ ಒಂದು ಸ್ಟೇಷನ್ ಬಂದರೆ? ದೇಶದ ಮೊದಲ ಖಾಸಗಿ ಎಫ್ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ. ಮೂರನೇ ಹಂತದ ನೀತಿ ಗುರಿಯಿಟ್ಟದ್ದು ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಮೇಲೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ನಗರಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಸುತ್ತಲಿನ ಬೀದರ್, ರಾಯಚೂರು, ವಿಜಯಪುರ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ಯಾದಗಿರಿ ನಗರದ ಜನಸಂಖ್ಯೆ ಸುಮಾರು 74 ಸಾವಿರ. 2009ರ ಡಿಸೆಂಬರ್ 30ರಂದು ಜಿಲ್ಲೆ ಆದೆವು, ಆದರೆ ರೇಡಿಯೋ ಲೆಕ್ಕದಲ್ಲಿ ಇನ್ನೂ ‘ನಗರ’ ಆಗಿಲ್ಲ.

‘ಹಾಡು ಮೊಬೈಲಿನಲ್ಲೇ ಸಿಗುತ್ತವಲ್ಲ, ರೇಡಿಯೋ ಯಾಕೆ ಬೇಕು?’ ಎಂದು ಗೆಳೆಯರು ಕೇಳುತ್ತಾರೆ. ನಿಜ, ಹಾಡು ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಖಾಸಗಿ ಎಫ್ಎಂ ಸ್ವಂತ ಸುದ್ದಿ ಓದುವಂತಿಲ್ಲವಾದರೂ, ಹವಾಮಾನ, ಸ್ಥಳೀಯ ಜಾತ್ರೆ, ನೀರು-ಕರೆಂಟಿನ ಪ್ರಕಟಣೆ, ಪರೀಕ್ಷೆ, ಫಲಿತಾಂಶ, ಪ್ರವೇಶ, ಉದ್ಯೋಗಾವಕಾಶದ ಮಾಹಿತಿ ಕೊಡಲು ಮೂರನೇ ಹಂತದ ನೀತಿಯಲ್ಲೇ ಅವಕಾಶವಿದೆ. ಭೀಮಾ ನದಿ ತುಂಬಿದ ದಿನ, ಕೆಲಸದ ಅರ್ಜಿಗೆ ಕೊನೆಯ ದಿನ ಯಾವುದೆಂದು ಗೊತ್ತಾಗದ ದಿನ, ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಸ್ಟೇಷನ್ ಇದ್ದಲ್ಲಿ ಕೆಲಸಗಳೂ ಇವೆ: ಆರ್‌ಜೆ ಮಾತ್ರವಲ್ಲ, ಸ್ಕ್ರಿಪ್ಟ್ ಬರೆಯುವವರು, ಧ್ವನಿ ಸಂಕಲನಕಾರರು, ಜಾಹೀರಾತು ತರುವವರು, ಟ್ರಾನ್ಸ್‌ಮಿಟರ್ ನೋಡಿಕೊಳ್ಳುವ ನನ್ನಂಥ ಎಂಜಿನಿಯರ್‌ಗಳು.

ಇನ್ನೊಂದು ದಾರಿಯೂ ಇದೆ, ಸಮುದಾಯ ರೇಡಿಯೋ. ಹರಾಜಿನ ಗೊಡವೆ ಇಲ್ಲ. ಶಿಕ್ಷಣ ಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು, ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ಅರ್ಜಿ ಹಾಕಬಹುದು. ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಮುಟ್ಟುವುದು ಹತ್ತು ಹದಿನೈದು ಕಿಲೋಮೀಟರ್ ದೂರ. ಕಲಬುರಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರ್ವಾಣಿ’ 90.8ರಲ್ಲಿ ಹೀಗೇ ಬರುತ್ತದೆ. ಯಾದಗಿರಿಯ ಯಾವುದಾದರೂ ಕಾಲೇಜು ಮನಸ್ಸು ಮಾಡಿದರೆ ರಾಮಸಮುದ್ರಕ್ಕೆ ಅಲೆ ಮುಟ್ಟುವುದು ಕಷ್ಟವಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾನು ಇದನ್ನೇ ಆರಿಸಿಕೊಂಡಿದ್ದೇನೆ: ಯಾದಗಿರಿಯ ನಕ್ಷೆ ಇಟ್ಟುಕೊಂಡು, ಇಂಥ ಆಂಟೆನಾ ಎಲ್ಲಿ ನಿಲ್ಲಿಸಿದರೆ ಯಾವ ಯಾವ ಹಳ್ಳಿಗೆ ಕೇಳುತ್ತದೆ ಎಂಬ ಲೆಕ್ಕ. ಲೈಸೆನ್ಸ್ ಕೊಡಿಸುವ ಶಕ್ತಿ ನನಗಿಲ್ಲ, ಲೆಕ್ಕವನ್ನಾದರೂ ಸಿದ್ಧ ಇಡಬಹುದಲ್ಲ.

ಆ ಸಂಜೆಯ ಪ್ರಸಾರವನ್ನು ರೂಮಿನ ಗೆಳೆಯ ತನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಮುಂದಿನ ಶನಿವಾರ ಅಡುಗೆಮನೆಯಲ್ಲಿ ಅವ್ವನಿಗೆ ಕೇಳಿಸಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಹಾಡು ಶುರುವಾಗುತ್ತಿದ್ದಂತೆ ‘ಹಾಡು ಇರ್ಲಿ, ಅದಕ್ಕಿಂತ ಮೊದಲಿಂದು ಇನ್ನೊಮ್ಮೆ ಹಚ್ಚು’ ಎಂದಳು.

ನಮ್ಮೂರ ಹೆಸರು ಬರುವ ಜಾಗ ಅದು. ನಾಲ್ಕು ಸಲ ಹಚ್ಚಿದೆ. ಈಗ ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದರೆ ರಾಮಸಮುದ್ರ ಎಂದೇ ಹೇಳುತ್ತೇನೆ.