ಮಿತಭಾಷಿಗಳ ದುಡಿಮೆ

ಬಾಯಿದ್ದವನು ಬರಗಾಲದಲ್ಲಿಯೂ ಬದುಕುತ್ತಾನೆ ಎಂಬ ಗಾದೆಯೇ ಇಂದಿನ ಕಚೇರಿಗಳಲ್ಲಿ ಬಡ್ತಿಯ ನಿಯಮವಾಗಿದೆಯೇನೋ ಎಂದು ತೋರುವಷ್ಟರ ಮಟ್ಟಿಗೆ, ಮಾತು ಬಲ್ಲವರಿಗೂ ಕೆಲಸ ಬಲ್ಲವರಿಗೂ ಇರುವ ಭೇದವನ್ನು ನಾವು ಮರೆಯುತ್ತಿದ್ದೇವೆ. ಬೆಳಗಿನ ಮೀಟಿಂಗಿನಲ್ಲಿ ಯಾರ ಕಂಠ ಮೊದಲು ಕೇಳಿಸುವುದೋ ಅವರು ಉತ್ಸಾಹಿಗಳೆಂದು ಗಣ್ಯರಾಗುವರು. ಯಾರು ಎಲ್ಲವನ್ನೂ ಆಲಿಸಿ, ತೂಗಿ ನೋಡಿ, ಕೇಳಿದಾಗಷ್ಟೇ ಉತ್ತರ ಕೊಡುವರೋ ಅವರ ಹೆಸರಿನ ಮುಂದೆ ವರ್ಷಾಂತ್ಯದಲ್ಲಿ ‘ಮುಂದೆ ಬಂದು ಮಾತನಾಡುವುದಿಲ್ಲ’ ಎಂಬ ಷರಾ ಬೀಳುವುದು. ಆ ವರ್ಷವೆಲ್ಲ ಅವರು ಮಾಡಿದ ಕೆಲಸದಲ್ಲಿ ದೋಷವಿತ್ತೇ ಎಂಬ ಪ್ರಶ್ನೆಯನ್ನು ಆ ಷರಾ ಬರೆದವರು ಕೇಳಿಕೊಳ್ಳುವುದೇ ಇಲ್ಲ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಚೈತನ್ಯವು ಹೊರಗಣ ವ್ಯಕ್ತಿ ವಿಷಯಗಳ ಕಡೆಗೆ ಹರಿಯುವ ಸ್ವಭಾವವನ್ನೂ ಒಳಗಣ ಚಿಂತನದ ಕಡೆಗೆ ತಿರುಗುವ ಸ್ವಭಾವವನ್ನೂ ಬೇರೆಬೇರೆಯಾಗಿ ನಿರೂಪಿಸಿದನು. ಬಹಿರ್ಮುಖತೆ ಅಂತರ್ಮುಖತೆಗಳೆಂಬ ಈ ಎರಡರಲ್ಲಿ ಯಾವುದೂ ರೋಗವಲ್ಲ. ಕೇವಲ ಒಂದೇ ಸ್ವಭಾವದ ಮನುಷ್ಯರು ವಿರಳ. ಅಂತರ್ಮುಖತೆಯನ್ನು ಸಂಕೋಚದೊಡನೆ ಬೆರೆಸುವುದು ಎಲ್ಲರೂ ಮಾಡುವ ತಪ್ಪು. ಸಂಕೋಚವೆಂಬುದು ಇತರರು ಏನೆಂದಾರೋ ಎಂಬ ಭಯ. ಅಂತರ್ಮುಖಿಗೆ ಆ ಭಯ ಇರಬೇಕೆಂಬ ನಿಯಮವಿಲ್ಲ. ಆತನು ನೂರು ಜನರೆದುರು ಒಂದು ಗಂಟೆ ನಿರ್ಭಯವಾಗಿ ಉಪನ್ಯಾಸ ಮಾಡಬಲ್ಲನು. ಆದರೆ ಆಮೇಲೆ ದಣಿವಾರಿಸಿಕೊಳ್ಳಲು ಅವನಿಗೆ ಏಕಾಂತ ಬೇಕು.

ನಮ್ಮ ನಾಡಿನಲ್ಲಿಯೇ ಈ ಎರಡು ಸ್ವಭಾವಗಳು ಒಂದೇ ಸಂಸ್ಥೆಯಲ್ಲಿ ನೆಲೆಸಿದ್ದ ದೃಷ್ಟಾಂತವುಂಟು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ವಾಗ್ವೈಭವಕ್ಕೆ ಮನಸೋತಿದ್ದ ವಿದ್ಯಾರ್ಥಿಗಳು, ಅವರು ಕಲ್ಕತ್ತೆಗೆ ಹೊರಟ ದಿನ ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣದವರೆಗೆ ಕೊಂಡೊಯ್ದರು. ಅದೇ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಎಂ. ಹಿರಿಯಣ್ಣನವರಾದರೋ ಮಿತಭಾಷಿಗಳು, ಪ್ರಚಾರವಿಮುಖರು. ಒಂದು ಪದವನ್ನು ಸಹ ಅನಗತ್ಯವಾಗಿ ಬಳಸಬಾರದೆಂಬ ಅವರ ನಿಷ್ಠೆ, ವರ್ಷಾನುವರ್ಷ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಪಾಠಗಳನ್ನೇ ಆಧರಿಸಿ ಬರೆದು 1932ರಲ್ಲಿ ಲಂಡನ್ನಿನಿಂದ ಪ್ರಕಟವಾದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಸಾಕಾರಗೊಂಡಿತು. ಆ ಗ್ರಂಥ ಇಂದಿಗೂ ಮುದ್ರಣದಲ್ಲಿದೆ, ಇಂದಿಗೂ ಪಠ್ಯವಾಗಿದೆ. ವಾಗ್ಮಿಯನ್ನೂ ಮೌನಿಯನ್ನೂ ಏಕಕಾಲದಲ್ಲಿ ಪೋಷಿಸಬಲ್ಲ ಸಂಸ್ಥೆಯೇ ಸಂಸ್ಥೆ ಎಂದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವ, ನನಗೆ ಪರಿಚಿತಳಾದ ತರುಣಿಯೊಬ್ಬಳ ಸಂಗತಿಯನ್ನು ಇಲ್ಲಿ ಹೇಳಬೇಕು. ಗ್ರಾಹಕರ ಹಳೆಯ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವ ಕಾರ್ಯಕ್ಕಾಗಿ ಸಭೆ ಸೇರಿತ್ತು. ನಮ್ಮ ಕಡೆಯ ಅನೇಕರಿಗೆ ಮನೆತನದ ಹೆಸರಿಲ್ಲ, ಇರುವುದು ಇನಿಷಿಯಲ್ ಮಾತ್ರ. ಹೊಸ ವ್ಯವಸ್ಥೆಯಾದರೋ ಒಂಟಿ ಅಕ್ಷರವನ್ನು ಹೆಸರೆಂದು ಒಪ್ಪದು. ಈ ತೊಡಕನ್ನು ಆಕೆ ಹಿಂದಿನ ದಿನವೇ ಕಂಡುಹಿಡಿದು, ಉದಾಹರಣೆಗಳ ಸಹಿತ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದಿದ್ದಳು. ಎರಡು ಸಲ ತಲೆಯೆತ್ತಿದಳು, ಎರಡು ಸಲವೂ ಮತ್ತೊಬ್ಬರ ಮಾತು ಅಡ್ಡ ಬಂದಿತು, ಸಭೆ ಮುಗಿಯಿತು. ಆ ಸಂಜೆ ಆಕೆ ಮೇಲಧಿಕಾರಿಗೆ ಎಲ್ಲವನ್ನೂ ವಿವರಿಸಿ ಇಮೇಲ್ ಬರೆದಳು; ಆತನು ಪುಣ್ಯವಂತ, ಮನಸ್ಸಿಟ್ಟು ಓದಿದನು; ಕೆಲಸವನ್ನು ಒಂದು ವಾರ ಮುಂದಕ್ಕೆ ಹಾಕಿ ಲೋಪವನ್ನು ಸರಿಪಡಿಸಿದರು. ಹಾಗಿದ್ದರೂ ವರ್ಷದ ಕೊನೆಗೆ ಆಕೆಗೆ ದೊರೆತ ಷರಾ ಮೇಲೆ ಹೇಳಿದ್ದೇ.

ಸಭೆಯ ಗದ್ದಲದಲ್ಲಿಯೇ ಹೊಸ ವಿಚಾರ ಹುಟ್ಟುವುದೆಂಬ ನಂಬಿಕೆ ನಮಗೆ ಬಂದುದು ಬಹುಮಟ್ಟಿಗೆ ಅಮೆರಿಕದ ಜಾಹೀರಾತು ವ್ಯಾಪಾರಿ ಅಲೆಕ್ಸ್ ಆಸ್‌ಬಾರ್ನ್ ಪ್ರಚಾರಪಡಿಸಿದ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿಯಿಂದ. ಆದರೆ 1958ರಷ್ಟು ಹಿಂದೆಯೇ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು, ಒಟ್ಟಿಗೆ ಕುಳಿತು ಯೋಚಿಸಿದ ನಾಲ್ವರಿಗಿಂತ ಪ್ರತ್ಯೇಕವಾಗಿ ಯೋಚಿಸಿದ ನಾಲ್ವರು ಎಷ್ಟೋ ಹೆಚ್ಚು ವಿಚಾರಗಳನ್ನು ಹೊಳೆಯಿಸಿದರೆಂದು ತೋರಿಸಿಕೊಟ್ಟರು. ಕಾರಣ ಸರಳವಾದದ್ದು: ಒಬ್ಬನು ಮಾತನಾಡುತ್ತಿರುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮಾಸುವುದು. ಗೋಡೆಗಳನ್ನು ಕೆಡವಿದರೆ ಜನ ಬೆರೆಯುವರೆಂಬ ನಂಬಿಕೆಯೂ ಇಂಥದ್ದೇ. ಅಮೆರಿಕದ ಎರಡು ದೊಡ್ಡ ಕಂಪನಿಗಳ ಕಚೇರಿಗಳು ಬಯಲು ಹಜಾರಗಳಾದ ಮೇಲೆ ಅಲ್ಲಿಯ ಉದ್ಯೋಗಿಗಳ ಮುಖಾಮುಖಿ ಸಂಭಾಷಣೆ ಸುಮಾರು ಶೇಕಡಾ 70ರಷ್ಟು ಇಳಿಯಿತೆಂಬುದು 2018ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಜನ ಮಾತು ಬಿಟ್ಟು ಪರದೆಯ ಮೇಲಿನ ಸಂದೇಶಗಳಿಗೆ ಶರಣಾಗಿದ್ದರು.

ನಮ್ಮಲ್ಲಿ ಈ ಅನ್ಯಾಯ ಕಾಲೇಜಿನಲ್ಲಿಯೇ ಆರಂಭವಾಗುವುದು. ಕ್ಯಾಂಪಸ್ ಆಯ್ಕೆಯ ಗ್ರೂಪ್ ಡಿಸ್ಕಷನ್ನಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರು ಸುಮ್ಮನಿರುವುದನ್ನು ಕಂಡು, ಇವರ ಸ್ವಭಾವವೇ ಇಷ್ಟು ಎಂದು ಪರೀಕ್ಷಕರು ತೀರ್ಮಾನಿಸುವರು. ಊರಿನ ಜಗಲಿಯಲ್ಲಿ ಹತ್ತು ಜನರನ್ನು ಮಾತಿನಲ್ಲಿ ಕಟ್ಟಿಹಾಕಬಲ್ಲ ಹುಡುಗ ಇಂಗ್ಲಿಷಿನೆದುರು ಮೂಕನಾದರೆ ಅದು ಅಂತರ್ಮುಖತೆಯಲ್ಲ. ನಿಜವಾಗಿ ಅಂತರ್ಮುಖಿಯಾದವನಿಗೋ ಅಲ್ಲಿ ಇಮ್ಮಡಿ ಶಿಕ್ಷೆ. ಹದಿನೈದು ನಿಮಿಷಗಳ ಆ ಕೂಗಾಟದಿಂದ ಯಾರ ಬುದ್ಧಿಯನ್ನು ಅಳೆದಂತಾಯಿತೋ ನನಗಂತೂ ತಿಳಿಯದು.

ಮೌನಿಗಳು ನಾಯಕರಾಗಲಾರರೆಂಬ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಕೆಳಗಿನವರು ತಾವಾಗಿಯೇ ಸಲಹೆ ಸೂಚನೆಗಳನ್ನು ಮುಂದಿಡುವಂಥವರಾದಾಗ, ಹೆಚ್ಚು ಮಾತಿನ ಮುಖಂಡರಿಗಿಂತ ಕಡಿಮೆ ಮಾತಿನವರ ನಾಯಕತ್ವದಲ್ಲಿಯೇ ಪಿಜ್ಜಾ ಅಂಗಡಿಗಳು ಹೆಚ್ಚು ಲಾಭ ಗಳಿಸಿದ್ದುವು. ಕೇಳಿಸಿಕೊಳ್ಳುವ ಕಿವಿ ಇದ್ದಲ್ಲಿ ಹೇಳುವವರು ಹುಟ್ಟಿಕೊಳ್ಳುವರು. ಆದರೆ ಅಂತರ್ಮುಖಿಗಳಿಗೂ ಒಂದು ಮಾತನ್ನು ಕಠಿಣವಾಗಿಯೇ ಹೇಳಬೇಕಾಗಿದೆ: ತಪ್ಪು ನಡೆಯುತ್ತಿರುವುದನ್ನು ಕಂಡೂ ‘ಕೇಳಿದರೆ ಹೇಳೋಣ’ ಎಂದು ಕುಳಿತಿರುವುದು ಕರ್ತವ್ಯಚ್ಯುತಿ. ಬಾಯಿಂದ ಆಗದಿದ್ದರೆ ಬರವಣಿಗೆಯಿಂದಾಗಲಿ, ಆ ತರುಣಿ ಮಾಡಿದಂತೆ ಆ ದಿನವೇ ತಿಳಿಸಬೇಕು.

ಉಳಿದ ಭಾರ ಸಭೆ ಕರೆಯುವವರದು. ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಯಿಂದ ಸ್ಲೈಡುಗಳನ್ನು ಹೊರಹಾಕಿ, ಅವುಗಳ ಬದಲು ಬರೆದ ಟಿಪ್ಪಣಿಯನ್ನು ತರಿಸಿದನು. ಅದನ್ನು ಎಲ್ಲರೂ ಸದ್ದಿಲ್ಲದೆ ಓದಿದ ನಂತರವೇ ಚರ್ಚೆ ಆರಂಭವಾಗುವ ಪದ್ಧತಿ ಅಲ್ಲಿ ಬೆಳೆಯಿತು. ಇದಕ್ಕೆ ಹಣ ಬೇಡ, ಹೊಸ ಕಟ್ಟಡವೂ ಬೇಡ. ಈ ಲೇಖನವನ್ನು ಓದುತ್ತಿರುವ ಮ್ಯಾನೇಜರರಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಶಾಖಾಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಭೆಯ ವಿಷಯಗಳನ್ನು ಒಂದು ದಿನ ಮೊದಲೇ ತಿಳಿಸಿರಿ, ಬರೆದು ಕೊಟ್ಟ ಅಭಿಪ್ರಾಯವನ್ನೂ ಆಡಿದ ಮಾತಿನಷ್ಟೇ ಗೌರವದಿಂದ ಸಭೆಯಲ್ಲಿ ಓದಿರಿ, ಷರಾ ಬರೆಯುವ ಮುನ್ನ ಆ ವ್ಯಕ್ತಿಯ ಕೆಲಸದ ಕಡತವನ್ನು ಒಮ್ಮೆ ತೆರೆದು ನೋಡಿರಿ.