ಬೆಳಿಗ್ಗೆ ಆಸ್ಪತ್ರೆಗೆ, ಸಂಜೆ ಮನೆಗೆ: ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸಿದ್ಧತೆ

ಕಣ್ಣಿಗೆ ಪೊರೆ ಬಂದಿರುವವರು ಈ ಲೇಖನವನ್ನು ತಾವಾಗಿ ಓದಲಾರರು. ಆದುದರಿಂದ ಓದಬಲ್ಲ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಇದನ್ನು ಓದಿ ಮನೆಯ ಹಿರಿಯರಿಗೆ ತಿಳಿಸಬೇಕೆಂದು ಕೋರಿಕೆ. ಇಲ್ಲಿ ಹೇಳಿರುವ ಕೆಲಸಗಳಲ್ಲಿ ಬಹುಪಾಲು ಮನೆಯವರೇ ಮಾಡಬೇಕಾದವು.

ಹಿಂದೆ ಪೊರೆಯ ಶಸ್ತ್ರಚಿಕಿತ್ಸೆ ಎಂದರೆ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು, ತಲೆ ಅಲ್ಲಾಡಿಸದೆ, ಹಲವು ದಿನ ಅಂಗಾತ ಮಲಗಿರಬೇಕಾಗಿತ್ತು. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ಕಣ್ಣಿನ ಶಿಬಿರಗಳನ್ನು ಕಂಡ ಹಿರಿಯರಿಗೆ ಇದು ನೆನಪಿದ್ದೀತು. ಆಗ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವಿಲ್ಲದೆ ಏನೂ ಕಾಣುತ್ತಿರಲಿಲ್ಲ. ಕಣ್ಣಿನೊಳಗೇ ಕೃತಕ ಮಸೂರವನ್ನು ಇಡುವ ಕ್ರಮವನ್ನು ೧೯೪೯ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಆರಂಭಿಸಿದರು. ಅದು ಎಲ್ಲ ಕಡೆಗೂ ಹರಡಲು ಹಲವು ದಶಕ ಹಿಡಿಯಿತು. ಈಗ ಗಾಯ ಬಹಳ ಚಿಕ್ಕದು. ಬೆಳಿಗ್ಗೆ ಹೋದವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು.

ಆದರೆ ಒಂದು ಮಾತನ್ನು ಮರೆಯಬಾರದು. ಅಂದೇ ಮನೆಗೆ ಕಳಿಸುತ್ತಾರೆಂದ ಮಾತ್ರಕ್ಕೆ ಇದು ಮುಳ್ಳು ತೆಗೆದಷ್ಟು ಸಣ್ಣ ಕೆಲಸವಲ್ಲ. ಮೊದಲು ಆಸ್ಪತ್ರೆಯ ದಾದಿಯರು ವಾರವಿಡೀ ಮಾಡುತ್ತಿದ್ದ ಆರೈಕೆ ಈಗ ಮನೆಯವರ ಕೈಗೆ ಬಂದಿದೆ. ವೈದ್ಯರು ತಮ್ಮ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಅದಕ್ಕೆ ಮುಂಚಿನ ಹದಿನೈದು ದಿನ ಮತ್ತು ಅನಂತರದ ಒಂದು ತಿಂಗಳು ನಮ್ಮ ಕೆಲಸ.

ಪೊರೆ ಎಂದರೇನು?

ಕಣ್ಣಿನ ಪಾಪೆಯ ಹಿಂದೆ ನೀರಿನಂತೆ ತಿಳಿಯಾದ ಮಸೂರವೊಂದುಂಟು. ಬೆಳಕು ಅದರ ಮೂಲಕ ಹಾದು ಕಣ್ಣಿನ ಹಿಂಭಾಗದ ಪರದೆಯ ಮೇಲೆ ಬೀಳುತ್ತದೆ. ವಯಸ್ಸಾದಂತೆ ಈ ಮಸೂರ ಮಬ್ಬಾಗುತ್ತದೆ. ಕಂದೀಲಿನ ಬತ್ತಿ ಚೆನ್ನಾಗಿದ್ದರೂ ಗಾಜಿಗೆ ಮಸಿ ಹಿಡಿದರೆ ಬೆಳಕು ಹೊರಬಾರದು, ಇದೂ ಹಾಗೆಯೇ. ಪೊರೆ ಎಂಬ ಹೆಸರಿದ್ದರೂ ಅದು ಕಣ್ಣಿನ ಮೇಲೆ ಕಟ್ಟಿದ ಪದರವಲ್ಲ, ಒಳಗಿನ ಮಸೂರವೇ ಮಬ್ಬಾಗಿರುವುದು. ಆದುದರಿಂದ ಹನಿ ಔಷಧದಿಂದಾಗಲಿ, ಜೇನಿನಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಕರಗುವುದಿಲ್ಲ. ಸೊಪ್ಪಿನ ರಸ ಹಿಂಡಿಕೊಂಡು ಕಣ್ಣಿಗೆ ಹುಣ್ಣು ಮಾಡಿಕೊಂಡರೆ ಇದ್ದ ದೃಷ್ಟಿಯೂ ಹೋದೀತು.

"ಪೊರೆ ಚೆನ್ನಾಗಿ ಬಲಿಯಲಿ, ಆಮೇಲೆ ತೆಗೆಸೋಣ" ಎನ್ನುವುದು ಹಳೆಯ ಕಾಲದ ಮಾತು. ಈಗಿನ ವಿಧಾನಕ್ಕೆ ಪೊರೆ ಬಲಿಯುವ ತನಕ ಕಾಯಬೇಕಿಲ್ಲ. ನಿತ್ಯದ ಕೆಲಸಕ್ಕೆ ಅಡ್ಡಿಯಾದಾಗ ತೆಗೆಸಬಹುದು. ಅತಿಯಾಗಿ ಬಲಿತರೆ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ, ತಾಳಲಾರದ ನೋವು ಬಂದು, ದೃಷ್ಟಿ ಶಾಶ್ವತವಾಗಿ ಹೋಗುವುದೂ ಉಂಟು.

ಯಾವಾಗ ಮಾಡಿಸಬೇಕು?

ಚಳಿಗಾಲದಲ್ಲಿ ಮಾತ್ರ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂಬ ನಂಬಿಕೆ ನಮ್ಮಲ್ಲಿದೆ. ಈಗಿನ ವಿಧಾನಕ್ಕೆ ಚಳಿ, ಬಿಸಿಲು, ಮಳೆ ಎಲ್ಲವೂ ಒಂದೇ. ಆದರೆ ರೈತನಿಗೆ ಬೇರೆಯ ಲೆಕ್ಕ ಉಂಟು. ಶಸ್ತ್ರಚಿಕಿತ್ಸೆಯ ಬಳಿಕ ಸುಮಾರು ಒಂದು ತಿಂಗಳು ಧೂಳು, ಹೊಗೆ, ಭಾರದ ಕೆಲಸಗಳಿಂದ ದೂರವಿರಬೇಕು. ಮುಂಗಾರು ಬಿತ್ತನೆಯ ಹೊತ್ತಿನಲ್ಲೋ ಕಣದಲ್ಲಿ ಒಕ್ಕಣೆ ನಡೆಯುವಾಗಲೋ ಮಾಡಿಸಿಕೊಂಡರೆ ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ. ಆದುದರಿಂದ ಸುಗ್ಗಿ ಮುಗಿದು, ಬಿತ್ತನೆಗೆ ಇನ್ನೂ ಬಿಡುವಿರುವಾಗ ದಿನ ಗೊತ್ತುಮಾಡಿಕೊಳ್ಳುವುದು ಮೇಲು. ವೈದ್ಯರು ಬೇಗ ಬರಲು ಹೇಳಿದ್ದರೆ ಮಾತ್ರ ಯಾವ ಕೆಲಸಕ್ಕೂ ಕಾಯಕೂಡದು.

ಕುರುಡು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ ೧೯೭೬ರಲ್ಲಿ ಆರಂಭವಾಯಿತು. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಾರೆ. ಎಲ್ಲಿಗೆ, ಯಾವ ದಿನ ಹೋಗಬೇಕೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಬಹುದು.

ಮೊದಲ ತಪಾಸಣೆ: ಏನನ್ನೂ ಮುಚ್ಚಿಡಬೇಡಿ

ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತದೊತ್ತಡ ಮತ್ತು ರಕ್ತದಲ್ಲಿನ ಸಕ್ಕರೆಯನ್ನು ನೋಡುತ್ತಾರೆ. ಒಳಗೆ ಇಡಬೇಕಾದ ಮಸೂರದ ಶಕ್ತಿ ಎಷ್ಟಿರಬೇಕೆಂದು ಕಣ್ಣನ್ನು ಅಳೆಯುತ್ತಾರೆ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ದಾರಿ ಕಟ್ಟಿಕೊಂಡು ಕೀವು ನಿಂತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಇಲ್ಲವಾದರೆ ಆ ಕೀವೇ ಕಣ್ಣಿನೊಳಗೆ ಸೇರಬಹುದು.

ಈ ತಪಾಸಣೆಯ ದಿನ ವೈದ್ಯರಿಗೆ ಕೆಳಗಿನ ವಿಷಯಗಳನ್ನು ತಪ್ಪದೆ ಹೇಳತಕ್ಕದ್ದು:

೧. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ ಇದ್ದರೆ.

೨. ಕೆಮ್ಮು, ಜ್ವರ, ಮೈಮೇಲೆ ಕುರು, ಹಲ್ಲಿನಲ್ಲಿ ಕೀವು, ಕಣ್ಣಿನಲ್ಲಿ ಗೀಜು ಇದ್ದರೆ. ಶಸ್ತ್ರಚಿಕಿತ್ಸೆಯ ಮಧ್ಯದಲ್ಲಿ ಒಂದು ಜೋರಾದ ಕೆಮ್ಮು ಬಂದರೂ ಕಣ್ಣಿಗೆ ಪೆಟ್ಟಾಗಬಹುದು. ಬೀಡಿ ಸೇದುವವರು ಕೆಲವು ವಾರ ಮುಂಚಿನಿಂದಲೇ ಬಿಡುವುದು ಒಳ್ಳೆಯದು.

೩. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಟಿಸಹಿತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹೃದಯದ ಕಾಯಿಲೆಯವರು ರಕ್ತ ಹೆಪ್ಪುಗಟ್ಟದಿರಲು ತೆಗೆದುಕೊಳ್ಳುವ ಮಾತ್ರೆಯನ್ನೂ, ವಯಸ್ಸಾದ ಗಂಡಸರು ಮೂತ್ರ ಸಲೀಸಾಗಿ ಹೋಗಲೆಂದು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆಯನ್ನೂ ಮುಖ್ಯವಾಗಿ ಹೇಳಬೇಕು. ಮೂತ್ರದ ಈ ಮಾತ್ರೆಯಿಂದ ಪಾಪೆ ಸರಿಯಾಗಿ ಅಗಲವಾಗದೆ ಹೋಗಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಾರೆ. ಆದರೆ ಯಾವ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಕೂಡದು.

೪. ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ, ಕಿವಿ ಮಂದವಾಗಿದ್ದರೆ, ಅಂಗಾತ ಮಲಗಲು ಉಸಿರು ಕಟ್ಟುವಂತಿದ್ದರೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲವೆಂದು ವೈದ್ಯರು ದಿನ ಮುಂದೂಡಿದರೆ ಬೇಸರಪಡಬೇಡಿ. ಸಕ್ಕರೆ ಹೆಚ್ಚಿದ್ದಾಗ ಗಾಯ ಬೇಗ ಮಾಯುವುದಿಲ್ಲ, ಕೀವಾಗುವ ಭಯವೂ ಹೆಚ್ಚು. ಹಸಿ ನೆಲಕ್ಕೆ ನೇಗಿಲು ಹೂಡದೆ ಹದಕ್ಕೆ ಕಾಯುವಂತೆ ಇದಕ್ಕೂ ಕಾಯಬೇಕು.

ಹಿಂದಿನ ದಿನ ಮನೆಯಲ್ಲಿ

ತಲೆಗೆ ಚೆನ್ನಾಗಿ ಸ್ನಾನ ಮಾಡಿಸಿ. ಇನ್ನು ಕೆಲವು ದಿನ ತಲೆಗೆ ನೀರು ಹಾಕುವಂತಿಲ್ಲ. ಗಂಡಸರು ಕ್ಷೌರ ಮಾಡಿಸಿಕೊಳ್ಳಲಿ. ಉಗುರು ಕತ್ತರಿಸಿ. ಹೊರಡುವ ದಿನ ತಲೆಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ ವಿಭೂತಿ ಯಾವುದೂ ಬೇಡ. ಇವುಗಳ ಪುಡಿ ಕಣ್ಣಿಗೆ ಬಿದ್ದೀತು. ಒಡವೆಗಳನ್ನು ಮನೆಯಲ್ಲೇ ಇಡಿ. ಒಗೆದ ಸಡಿಲವಾದ ಬಟ್ಟೆ, ಸಾಧ್ಯವಾದರೆ ಮುಂದೆ ಗುಂಡಿಯಿರುವ ಅಂಗಿ ತೊಡಿಸಿ. ತಲೆಯ ಮೇಲಿಂದ ಎಳೆದು ತೆಗೆಯುವ ಬಟ್ಟೆ ಆ ದಿನ ತೊಂದರೆ.

ಮರಳಿ ಬಂದ ಮೇಲೆ ಮಲಗುವ ಜಾಗವನ್ನೂ ಅಂದೇ ಅಣಿಮಾಡಬೇಕು. ದನದ ಕೊಟ್ಟಿಗೆಗೂ ಒಲೆಯ ಹೊಗೆಗೂ ದೂರವಾದ ಮೂಲೆಯನ್ನು ಆರಿಸಿ, ಗುಡಿಸಿ, ಒಗೆದ ದಿಂಬಿನ ಚೀಲ ಹಾಕಿಡಿ. ಹಾಲು ಕರೆಯುವವರು ಯಾರು, ದನಕ್ಕೆ ಹುಲ್ಲು ಹಾಕುವವರು ಯಾರು, ನೀರು ಕಟ್ಟುವವರು ಯಾರು ಎಂಬುದನ್ನು ಗೊತ್ತುಮಾಡಿ. ದನದ ಬಾಲ ಒಮ್ಮೆ ಬೀಸಿ ಕಣ್ಣಿಗೆ ಬಡಿದರೆ ಮಾಡಿದ ಚಿಕಿತ್ಸೆಯೆಲ್ಲ ವ್ಯರ್ಥವಾದೀತು.

ಊಟದ ವಿಷಯ

ಪೊರೆಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಕಣ್ಣಿನ ಭಾಗವನ್ನು ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಇದಕ್ಕೆ ಹಲವು ಆಸ್ಪತ್ರೆಗಳಲ್ಲಿ ಹಗುರವಾಗಿ ಉಂಡು ಬರಲು ಹೇಳುತ್ತಾರೆ, ಕೆಲವೆಡೆ ಬರಿಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಯಾವುದು ಎಂದು ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಿ. ಪೂರ್ತಿ ಎಚ್ಚರ ತಪ್ಪಿಸುವುದಿದ್ದರೆ ಊಟ ನಿಲ್ಲಿಸಿ ೬ ಗಂಟೆ, ಬರಿಯ ನೀರು ನಿಲ್ಲಿಸಿ ೨ ಗಂಟೆ ಕಳೆದಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲವಾದರೆ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹಾಲು ಹಾಕಿದ ಚಹಾ, ಕಾಫಿ, ಅಂಬಲಿ ಇವು ನೀರಿನ ಲೆಕ್ಕಕ್ಕೆ ಬಾರವು, ಊಟದ ಲೆಕ್ಕಕ್ಕೆ ಸೇರಿದವು.

ಸಕ್ಕರೆ ಕಾಯಿಲೆಯವರು ಇನ್ನೊಂದು ಎಚ್ಚರ ವಹಿಸಬೇಕು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು ಊಟ ಬಿಟ್ಟರೆ ಸಕ್ಕರೆ ತೀರ ಇಳಿದು ಬವಳಿ ಬರುತ್ತದೆ. ಆ ದಿನದ ಮಾತ್ರೆಯನ್ನು ಏನು ಮಾಡಬೇಕೆಂದು ವೈದ್ಯರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ಬೇಡವೆಂದು ವೈದ್ಯರು ಹೇಳದಿದ್ದರೆ ಎಂದಿನಂತೆ ನುಂಗತಕ್ಕದ್ದು.

ಆಸ್ಪತ್ರೆಯಲ್ಲಿ

ಜೊತೆಗೆ ಒಬ್ಬರು ಬರಲೇಬೇಕು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣೂ ಮಂದವಾಗಿದ್ದರೆ ಒಬ್ಬರೇ ಬಸ್ಸು ಹತ್ತಿ ಇಳಿಯುವುದು ಆಗದ ಮಾತು. ಹಳೆಯ ಚೀಟಿಗಳು, ಪಡಿತರ ಚೀಟಿ, ಆಧಾರ್ ಚೀಟಿ ಜೊತೆಗಿರಲಿ. ಮರುದಿನ ಮತ್ತೆ ತೋರಿಸಲು ಕರೆಯುವುದು ವಾಡಿಕೆ. ಊರು ದೂರವಿದ್ದರೆ, ಸಂಜೆಯ ಬಸ್ಸು ತಪ್ಪುವಂತಿದ್ದರೆ, ಉಳಿಯಲು ಜಾಗ ಉಂಟೇ ಎಂದು ಮೊದಲೇ ವಿಚಾರಿಸಿ.

ಮೊದಲು ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ಬಳಿಕ ಹನಿಯಿಂದಲೋ ಚುಚ್ಚುಮದ್ದಿನಿಂದಲೋ ಕಣ್ಣನ್ನು ಮರಗಟ್ಟಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಮತ್ತೆ ಇಡುತ್ತಾರೆಂಬುದು ಸುಳ್ಳು. ಸಣ್ಣ ಗಾಯ ಮಾಡಿ, ಮಬ್ಬಾದ ಮಸೂರವನ್ನು ತೆಗೆದು, ಕೃತಕ ಮಸೂರವನ್ನು ಇಡುತ್ತಾರೆ, ಅಷ್ಟೆ. ರೋಗಿಯ ಕೆಲಸ ಅಲ್ಲಾಡದೆ ಮಲಗಿರುವುದು. ಕೆಮ್ಮು ಬರುವಂತಿದ್ದರೆ, ನೋವಾದರೆ ಬಾಯಿಂದ ಹೇಳಬೇಕು, ಕೈ ಎತ್ತಬಾರದು. ಒಳಗೆ ಹೋಗುವ ಮುನ್ನ ಮೂತ್ರ ವಿಸರ್ಜನೆ ಮಾಡಿ ಹೋಗುವುದು ಒಳ್ಳೆಯದು.

ಮನೆಗೆ ಬಂದ ಮೇಲೆ

ಹನಿ ಔಷಧವನ್ನು ಸಾಮಾನ್ಯವಾಗಿ ೪ರಿಂದ ೬ ವಾರ ಹಾಕಬೇಕಾಗುತ್ತದೆ. ಹಾಕುವವರು ಯಾರೆಂದು ಮೊದಲೇ ಗೊತ್ತುಮಾಡಿ, ಹಾಕುವ ಕ್ರಮವನ್ನು ಅವರು ಆಸ್ಪತ್ರೆಯಲ್ಲೇ ಕಲಿತು ಬರಲಿ. ಸೋಪಿನಿಂದ ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಸೀಸೆಯ ಮೂತಿ ಕಣ್ಣಿಗೆ ತಗಲದಂತೆ ಒಂದು ಹನಿ ಬಿಟ್ಟರೆ ಸಾಕು. ಎರಡು ಬಗೆಯ ಹನಿಗಳಿದ್ದರೆ ನಡುವೆ ೫ ನಿಮಿಷ ಬಿಡಿ. ಗೋಡೆಯ ಪಂಚಾಂಗದಲ್ಲಿ ದಿನದಿನವೂ ಗುರುತು ಹಾಕಿದರೆ ಮರೆಯುವುದಿಲ್ಲ.

ಕಣ್ಣನ್ನು ಉಜ್ಜಬಾರದು. ರಾತ್ರಿ ಮಲಗುವಾಗ ಕೊಟ್ಟಿರುವ ಮುಚ್ಚಳ ಕಟ್ಟಿಕೊಳ್ಳಬೇಕು. ವೈದ್ಯರು ಹೇಳುವ ತನಕ ಕಣ್ಣಿಗೆ ನೀರು ಸೋಕಬಾರದು. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಸಾಕು. ಹೊರೆ ಹೊರುವುದು, ಕೊಡ ಎತ್ತುವುದು, ಬಗ್ಗಿ ಕಳೆ ಕೀಳುವುದು, ಸೌದೆ ಒಡೆಯುವುದು ಕೂಡದು. ಮಲಬದ್ಧತೆಯಾಗಿ ತಿಣುಕದಂತೆ ಸೊಪ್ಪು, ಹಣ್ಣು, ನೀರು ಧಾರಾಳವಾಗಿ ಕೊಡಿ. ಪಥ್ಯವೆಂದು ಒಣ ಅನ್ನದಲ್ಲೇ ಇಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ಎಂದಿನ ಪಥ್ಯ ಬಿಡಬಾರದು.

ತಡಮಾಡಬಾರದ ನಾಲ್ಕು ಲಕ್ಷಣಗಳು

ಮೊದಲ ದಿನ ಕಣ್ಣು ಸ್ವಲ್ಪ ಚುಚ್ಚುವುದು, ನೀರು ಬರುವುದು ಸಹಜ. ಆದರೆ ನೋವು ಹೆಚ್ಚುತ್ತಾ ಹೋದರೆ, ಕೆಂಪು ಏರಿದರೆ, ಕೀವು ಅಥವಾ ಗೀಜು ಬಂದರೆ, ಬಂದಿದ್ದ ದೃಷ್ಟಿ ಮತ್ತೆ ಮಂದವಾದರೆ, ಆ ಗಳಿಗೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ಕಣ್ಣಿನೊಳಗೆ ನಂಜಾದ ಗುರುತಾಗಿರಬಹುದು. ಅಪರೂಪವಾದರೂ ಬಂದಾಗ ಬಹು ಬೇಗ ಬೆಳೆಯುತ್ತದೆ. "ನಾಳೆ ಸಂತೆಗೆ ಹೋಗುವಾಗ ತೋರಿಸೋಣ" ಎಂದು ಕಾದರೆ ಕಣ್ಣೇ ಉಳಿಯದಿರಬಹುದು. ರಾತ್ರಿಯಾದರೂ ಸರಿ, ಹೊರಡಿ. ಇದಕ್ಕಾಗಿ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಬರೆಸಿಕೊಂಡು ಬಂದಿರಬೇಕು, ಬಾಡಿಗೆಗೆ ಸಿಗುವ ಗಾಡಿ ಊರಿನಲ್ಲಿ ಯಾರಲ್ಲಿದೆ ಎಂಬುದನ್ನೂ ತಿಳಿದಿರಬೇಕು.

ಹರ್ನಿಯಾ, ಮೈಮೇಲಿನ ಗಂಟು ಮುಂತಾದ ಕೆಲವು ಶಸ್ತ್ರಚಿಕಿತ್ಸೆಗಳನ್ನೂ ಈಗ ಅನೇಕ ಕಡೆ ಅಂದೇ ಮಾಡಿ ಅಂದೇ ಮನೆಗೆ ಕಳಿಸುತ್ತಾರೆ. ಅವಕ್ಕೂ ಮುಖ್ಯ ಸಿದ್ಧತೆ ಇದೇ: ಕಾಯಿಲೆ ಮತ್ತು ಮಾತ್ರೆಗಳನ್ನು ಮುಚ್ಚಿಡದೆ ಹೇಳುವುದು, ಊಟದ ನಿಯಮವನ್ನು ಕೇಳಿ ನಡೆಯುವುದು, ಜೊತೆಗೊಬ್ಬರನ್ನು ಕರೆದೊಯ್ಯುವುದು, ಮನೆಯನ್ನು ಅಣಿಮಾಡಿಡುವುದು, ಅಪಾಯದ ಲಕ್ಷಣಗಳನ್ನು ತಿಳಿದು ಬರುವುದು.

ನಿಮ್ಮ ಬೀದಿಯಲ್ಲಿ ಗೋಡೆ ಹಿಡಿದು ನಡೆಯುವ ಅಜ್ಜ ಅಜ್ಜಿಯರಿದ್ದರೆ, "ವಯಸ್ಸಾಯಿತು, ಇನ್ನೇನು ನೋಡಬೇಕಾಗಿದೆ" ಎಂದು ಅವರೇ ಹೇಳಿದರೂ ಸುಮ್ಮನಾಗಬೇಡಿ. ಮುಂದಿನ ಸಲ ಪೇಟೆಗೆ ಹೋಗುವಾಗ ಅವರನ್ನೂ ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗಿ.